ಯಾಂಗ್‌ಡೋಲ್ ಕುಡಿದಿರಲಿಲ್ಲ

ಆ ತಿಂಗಳಲ್ಲಿ ಮೂರನೆಯ ಸಲ ಯಾಂಗ್‌ಡೋಲ್ ಮೇಕೆಗಳನ್ನು ಹುಲ್ಲುಗಾವಲಲ್ಲೇ ಮರೆತು ಒಬ್ಬಳೇ ಬಂದಳು. ತೋಳ ಐದು ಮರಿಗಳನ್ನು ಕೊಂದಿತ್ತು.

“ಬೆಳಗ್ಗೇನೇ ಛಾಂಗ್ ಹೆಂಡ ಏರಿಸಿದಾಳೆ,” ಎಂದು ಚಾಂಗ್‌ಥಾಂಗ್‌ನ ಎತ್ತರದ ಬಯಲಿನ ನಮ್ಮ ಜನ ನಕ್ಕರು. ಗಂಡ ತಾರ್ಚಿನ್ ಅವಳ ಕೈಯ ಕೋಲು ಕಿತ್ತುಕೊಂಡ. ಇನ್ನೂರು ಮೇಕೆಗಳನ್ನೂ ಹೆಸರು ಹಿಡಿದು ಕರೆಯುತ್ತಿದ್ದವಳು ಅವಳು. ವಯಸ್ಸು ಬರೀ ನಲವತ್ತೊಂಬತ್ತು.

ನಾನು ದೇಚೆನ್, ಅಲ್ಲಿನ ಆಶಾ ಕಾರ್ಯಕರ್ತೆ. ಕೇಳಿ ಮೈಯೆಲ್ಲ ಉರಿಯಿತು. ನೇರ ಅವರ ಗುಡಾರಕ್ಕೆ ನುಗ್ಗಿದೆ. ತಾರ್ಚಿನ್ ಊರಿಗೆಲ್ಲ ಅಚೊ, ದೊಡ್ಡಣ್ಣ.

“ಅಚೊ, ಅವಳ ಬಾಯಿ ಮೂಸಿ ನೋಡಿದ್ಯಾ?”

“ಯಾಕೆ ಮೂಸ್ಬೇಕು? ಕಣ್ಣು ನೋಡು, ಕೆಂಡ!”

“ತುಟಿ ನೋಡು, ನೇರಳೆಹಣ್ಣು! ಆರು ತಿಂಗಳಿಂದ ತಲೆನೋವು, ನಿದ್ದೆ ಇಲ್ಲ ಅಂತಿದಾಳೆ. ಕಿವಿಗೆ ಹಾಕ್ಕೊಂಡ್ಯಾ?”

“ಗಾಳಿ ತೆಳು ಅನ್ನೋಕೆ ಬಂದ್ಯಾ ತಂಗೀ? ಇದೇ ಗಾಳೀಲಿ ನಮ್ಮಜ್ಜ ತೊಂಬತ್ತು ದಾಟಿದ.”

“ಅಜ್ಜನಿಗೆ ಒಗ್ಗಿತು. ಎಲ್ಲರಿಗೂ ಒಗ್ಗಲ್ಲ.”

ಪ್ರಾಣವಾಯು ಅಳೆಯುವ ಯಂತ್ರವನ್ನು ಅವಳ ಬೆರಳಿಗೆ ಸಿಕ್ಕಿಸಿದೆ. ಎಪ್ಪತ್ತು.

“ನಿನ್ನ ಯಂತ್ರ ಕೆಟ್ಟಿದೆ.”

“ನಿನ್ನ ಬೆರಳು ಕೊಡು.” ಎಂಬತ್ತೇಳು, ನಮ್ಮ ಎತ್ತರಕ್ಕೆ ಸರಿಯಾದದ್ದೇ.

ಅವನು ಹೆಂಡತಿಯ ಕೈ ಹಿಡಿದು ಮುಂದೆ ಚಾಚಿದ. “ಅವಳಿಗೆ ಇನ್ನೊಂದ್ಸಲ ಹಾಕು,” ಎಂದ. ಅರವತ್ತೊಂಬತ್ತು.

ಮರುದಿನವೇ ಜೀಪಿನಲ್ಲಿ ಲೇಹ್‌ಗೆ ಇಳಿದೆವು. ರಕ್ತ ಪರೀಕ್ಷಿಸಿದ ವೈದ್ಯೆ ಹೇಳಿದರು: “ಪ್ರಾಣವಾಯು ಸಾಲದೆ ಮೈ ರಕ್ತಕಣಗಳನ್ನ ವಿಪರೀತ ಹೆಚ್ಚಿಸಿಕೊಂಡಿದೆ. ರಕ್ತ ಗಟ್ಟಿ ಗಂಜಿ ಆಗಿದೆ. ಮಿದುಳು ಹಸಿದಿದೆ.”

“ಮರೆವು ವಾಸಿ ಆಗುತ್ತಾ?” ತಾರ್ಚಿನ್ ಕೇಳಿದ.

“ಸ್ವಲ್ಪ ಆಗಬಹುದು. ವರ್ಷಗಟ್ಟಲೆ ಹೀಗೇ ಬಿಟ್ಟರೆ ಮಿದುಳು ಸವೆಯೋ ಕಾಯಿಲೆಗೆ ದಾರಿ ಆಗುತ್ತಾ ಅಂತ ಇನ್ನೂ ಅಧ್ಯಯನ ನಡೀತಿದೆ. ಆ ಉತ್ತರಕ್ಕೆ ಕಾಯೋದು ಬೇಡ. ಇವರು ತಗ್ಗಿನ ಊರಲ್ಲಿರಲಿ. ಒಲೆ ಹೊಗೆ ಬೇಡ, ತಂಬಾಕು ಬೇಡ. ಬೀಪಿ ನೋಡಿಸ್ತಾ ಇರಿ.”

ಚಳಿಗಾಲವನ್ನು ಯಾಂಗ್‌ಡೋಲ್ ಕೆಳಗೆ ಅಕ್ಕನ ಮನೆಯಲ್ಲಿ ಕಳೆದಳು. ತಲೆನೋವು ಹೋಯಿತು, ನಿದ್ದೆ ಬಂತು. ಕೆಲವು ಮೇಕೆಗಳ ಹೆಸರು ನೆನಪಾದವು, ಹಲವು ಆಗಲಿಲ್ಲ. ತಲೆನೋವು ಶುರುವಾದಾಗಲೇ ತೋರಿಸಿದ್ದರೆ? ಆ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ.

ವಸಂತದಲ್ಲಿ ಊರಿನ ಸಭೆ ಸೇರಿತು. ತಾರ್ಚಿನ್ ಎದ್ದು ನಿಂತ. “ಉಸಿರಿಗೆ ಒದ್ದಾಡ್ತಿದ್ದೋಳನ್ನ ಕುಡುಕಿ ಅಂದ್ವಿ. ನಾನೂ ಅಂದೆ. ಅವತ್ತು ನಕ್ಕೋರೆಲ್ಲ ಇವತ್ತು ದೇಚೆನ್‌ಗೆ ಬೆರಳು ಕೊಡಿ!”

ಒಬ್ಬರೂ ನಗಲಿಲ್ಲ. ಸಾಲುಗಟ್ಟಿ ನಿಂತರು. ಪ್ರಾಣವಾಯು ತೀರ ಕಡಿಮೆಯಿದ್ದ ಇನ್ನಿಬ್ಬರು ಸಿಕ್ಕರು.

ಬೆಟ್ಟದ ಮೇಲೆ ಬಾಳುವವರೇ, ನಿಮ್ಮವರ ತುಟಿ ನೀಲಿಗಟ್ಟಿದೆಯೇ? ತಲೆನೋವು ಬಿಡುತ್ತಿಲ್ಲವೇ? ಗೊತ್ತಿದ್ದ ಕೆಲಸ ಮರೆಯುತ್ತಿದ್ದಾರೆಯೇ? ಬೈಯಬೇಡಿ, ಆಡಿಕೊಳ್ಳಬೇಡಿ. ಇವತ್ತೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.