ಮೇ ಇಪ್ಪತ್ತೆರಡು

"ತಾರೀಕು ಎಲ್ಲಿ ಹೋಯ್ತು?"

ಇಗರ್ಜಿಯಲ್ಲಿ ಮಗಳ ಮದುವೆ ಮುಗಿಸಿ ಸೀದಾ ಹಾಲ್‌ಗೆ ಬಂದ ಕಾರ್ಮಿನ್ ಸ್ಟೇಜಿನ ಎದುರು ನಿಂತುಬಿಟ್ಟಳು. ಬಂಗಾರದ ಬಣ್ಣದ ಥರ್ಮಾಕೋಲ್ ಅಕ್ಷರಗಳಲ್ಲಿ ಮಗಳು ಏವ್ರಿಲ್ ಇದ್ದಳು, ಅಳಿಯ ಶೆರ್ವಿನ್ ಇದ್ದ, ನಡುವೆ ಮೂಸಂಬಿ ಗಾತ್ರದ ಹೃದಯವೂ ಇತ್ತು. ಕೆಳಗೆ ಮಾತ್ರ ಬೋಳು.

ಡೆಕೊರೇಷನ್ನಿನ ಮುಖೇಶ್ ಏಣಿಯ ಮೇಲಿಂದಲೇ ತಲೆ ಕೆರೆದುಕೊಂಡ. "ಎಡ್ವಿನ್ ಸರ್ ಬೇಡ ಹೇಳಿದ್ರು ಮೇಡಂ. ಹೆಸರು ಸಾಕಂತೆ."

"ಮದುವೆ ಎಡ್ವಿನ್ ಸರ್‌ದ್ದಾ? ಹಾಕಿ."

"ಹಾಕಬಹುದು. ಆದ್ರೆ ನಮ್ಮ ಹತ್ತಿರ ಎರಡು ಒಂದೇ ಉಂಟು."

"ಎಂತ ಎರಡು ಒಂದೇ?"

"ಅಂಕಿ ಮೇಡಂ. ಗಾಡಿಯಲ್ಲಿ ಹಳೆಯ ಎರಡು ಒಂದು ಬಿದ್ದಿದೆ. ಇಪ್ಪತ್ತೆರಡಕ್ಕೆ ಎರಡೆರಡು ಬೇಕಲ್ಲ?"

"ಇನ್ನೊಂದು ಕತ್ತರಿಸು ಮಾರಾಯ. ಸೊಟ್ಟ ಆದ್ರೂ ಅಡ್ಡಿಯಿಲ್ಲ."

ಅಷ್ಟರಲ್ಲಿ ಎಡ್ವಿನ್ ಬಂದರು. ಕಾರ್ಮಿನ್‌ಳ ತೀರಿಹೋದ ಗಂಡ ಲ್ಯಾನ್ಸಿಯ ಅಣ್ಣ. ಸೂಟಿನೊಳಗೆ ಬೆವರುತ್ತಾ, ಅದೇ ಸೂಟಿನಷ್ಟು ಬಿಗಿಯಾಗಿದ್ದರು. ಲ್ಯಾನ್ಸಿ ದುಬೈಯಿಂದ ಹತ್ತಿದ ವಿಮಾನ ಬಜ್ಪೆ ನಿಲ್ದಾಣದ ಗುಡ್ಡದಿಂದ ಕೆಳಗೆ ಬಿದ್ದದ್ದು ಇದೇ ತಾರೀಕಿಗೆ, ಎರಡು ಸಾವಿರದ ಹತ್ತರಲ್ಲಿ. ಏವ್ರಿಲ್ ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಕಮ್ಯುನಿಯನ್‌ಗೆಂದು ಬಿಳಿ ಬೂಟು ತರುತ್ತಿದ್ದ. ಅಂದಿನಿಂದ ಪ್ರತಿ ವರ್ಷ ಈ ದಿನ ಕಾರ್ಮಿನ್ ಬೆಳಗಿನ ಪೂಜೆಗೆ ಹೋಗಿ ಬಂದು, ಉರ್ವದ ಮನೆಯ ಬಾಗಿಲು ಹಾಕಿ, ಉಪ್ಪು ಗಂಜಿ ಕುಡಿದು ಮಲಗುವವಳು. ಆಸ್ಪತ್ರೆಯ ನರ್ಸ್ ಕೆಲಸಕ್ಕೂ ರಜೆ. ಮಗಳು ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ಸಣ್ಣ ಮಾಡಿಕೊಂಡು ಬೆಳೆದಳು. ಹೋದ ವರ್ಷ ಅದೇ ದಿನ, ಗಂಜಿಯ ಬಟ್ಟಲು ತೊಳೆಯುತ್ತಾ ಏವ್ರಿಲ್ ಕೇಳಿದ್ದಳು: "ಮಮ್ಮಿ, ನೀನು ಹೋದ ಮೇಲೂ ನಾನು ಹೀಗೇ ಬಾಗಿಲು ಹಾಕಿಕೊಂಡು ಮಲಗಬೇಕಾ?"

ಶೆರ್ವಿನ್‌ನ ರಜೆಗೆ ಹೊಂದುವಂತೆ ಹಾಲ್‌ನವರು ನಾಲ್ಕು ತಾರೀಕು ಕೊಟ್ಟಿದ್ದರು. ಕಾರ್ಮಿನ್ ಬೆರಳಿಟ್ಟದ್ದು ಈ ಇಪ್ಪತ್ತೆರಡರ ಮೇಲೆ. ಏವ್ರಿಲ್ ಅಮ್ಮನ ಮುಖ ನೋಡಿ, ಅತ್ತು, ಹೂಂ ಅಂದಿದ್ದಳು.

"ಜನ ಎಂತ ಹೇಳಿಯಾರು ಕಾರ್ಮಿನ್?" ಎಡ್ವಿನ್ ದನಿ ತಗ್ಗಿಸಿದರು. "ದಿನ ಇಟ್ಟದ್ದು ಇಟ್ಟಾಯ್ತು. ಅದನ್ನು ಗೋಡೆಗೆ ಬೇರೆ ಅಂಟಿಸಬೇಕಾ?"

"ಹೋದದ್ದು ಲ್ಯಾನ್ಸಿ, ಎಡ್ವಿನ್ ಭಾವ. ಮೇ ತಿಂಗಳಿನ ಒಂದು ದಿನವನ್ನೂ ಅವನ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದ್ದೇವಾ ನಾವು?"

ಎಡ್ವಿನ್ ಹೋಗಿ ಮೂಲೆಯ ಮೇಜಿನಲ್ಲಿ, ಫ್ಯಾನಿಗೂ ಬೆನ್ನು ಹಾಕಿ ಕೂತರು.

ಕಾರ್ಮಿನ್‌ಗೆ ಇನ್ನೊಂದು ಕೆಲಸ ಉಳಿದಿತ್ತು: ಇರ್ವಿನ್. ಲ್ಯಾನ್ಸಿಯ ಶಾಲೆಯ ದೋಸ್ತಿ. ಈಗ ಕಂಕನಾಡಿಯಿಂದ ಸುರತ್ಕಲ್‌ವರೆಗೆ ಯಾವ ಮದುವೆಯಾದರೂ ಮೈಕ್ ಅವನದ್ದೇ. ರೇಡಿಯೋದ ವಾರ್ತೆ ಓದುವವರು, ಸಿಟಿ ಬಸ್ಸಿನ ಕಂಡಕ್ಟರು, ಮೂಗಿನಲ್ಲಿ ಹಾಡುವ ಪಾದ್ರಿ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ವಧೂವರರಿಗೆ ಶುಭ ಕೋರಿ ಟೋಸ್ಟ್ ಎತ್ತುವ ಮೊದಲು ಅವನದೊಂದು ಖಾಯಂ ಐಟಂ ಉಂಟು: 'ಚರಿತ್ರೆಯಲ್ಲಿ ಇವತ್ತಿನ ದಿನ'. ಅದಿಲ್ಲದೆ ಜನ ಗ್ಲಾಸ್ ಎತ್ತುವುದಿಲ್ಲ.

"ಎಡ್ವಿನಣ್ಣ ಇವತ್ತು ಅದು ಬೇಡ ಹೇಳಿದ್ದಾರೆ," ಅಂದ ಇರ್ವಿನ್.

"ನಾನು ಬೇಕು ಹೇಳ್ತೇನೆ. ಲ್ಯಾನ್ಸಿಯದ್ದೂ ಹೇಳಬೇಕು."

"ಕಾರ್ಮಿನ್‌ಬಾಯಿ, ನನಗೆ ನಗಿಸ್ಲಿಕ್ಕೆ ಮಾತ್ರ ಗೊತ್ತಿರುವುದು."

"ನಗಿಸು. ಬೇಡ ಹೇಳಿದ್ದು ಯಾರು? ಆಮೇಲೆ ಹೇಳು."

ವಧೂವರರು ಬಂದರು, ಕೇಕ್ ಕತ್ತರಿಸಿದರು, ವೈನ್ ಮೇಜುಮೇಜಿಗೆ ಹೋಯಿತು. ಇರ್ವಿನ್ ಕಿವಿಗೆ ಕೈಯಿಟ್ಟು ವಾರ್ತೆಯ ದನಿ ತೆಗೆದ. "ಚರಿತ್ರೆಯಲ್ಲಿ ಇವತ್ತಿನ ದಿನ! ಸಾವಿರದ ಏಳುನೂರ ಎಪ್ಪತ್ತೆರಡು, ರಾಜಾ ರಾಮಮೋಹನ ರಾಯರ ಜನನ. ಸತಿ ಪದ್ಧತಿ ನಿಲ್ಲಿಸಲು ಹೋರಾಡಿದವರು. ಸತಿಯರು ಉರಿಯುವುದು ನಿಂತಿತು. ಅಂದಿನಿಂದ ಉರಿಯುತ್ತಿರುವುದು ಪತಿಯರ ಹೊಟ್ಟೆ! ಶೆರ್ವಿನ್, ಈಗಲೇ ಎರಡು ಗ್ಲಾಸ್ ನೀರು ಕುಡಿ ಮಾರಾಯ!"

ಹಾಲ್ ಹೋ ಎಂದು ನಕ್ಕಿತು. ನಗು ಇಳಿಯಿತು. ಇರ್ವಿನ್ ಮೈಕ್ ಕೆಳಗಿಳಿಸಿ ಎದುರು ನೋಡಿದ. ಮುಂದಿನ ಸಾಲಿನಲ್ಲಿ ಕಾರ್ಮಿನ್ ಗ್ಲಾಸ್ ಹಿಡಿದು ನಿಂತಿದ್ದಳು. ರೋಗಿ ಮಾತ್ರೆ ನುಂಗುವವರೆಗೆ ಕದಲದ ನರ್ಸಿನ ನೋಟ.

"ಮತ್ತೆ... ಎರಡು ಸಾವಿರದ ಹತ್ತು." ಈ ದನಿ ಯಾರದ್ದೆಂದು ಜನರಿಗೆ ತಟ್ಟನೆ ಗೊತ್ತಾಗಲಿಲ್ಲ. ಇರ್ವಿನ್‌ನದ್ದೇ ಆಗಿತ್ತು. "ನಮ್ಮ ಬಜ್ಪೆ. ಆ ವಿಮಾನದಲ್ಲಿ ನಮ್ಮ ಲ್ಯಾನ್ಸಿ ಇದ್ದ. ಮಗಳ ಕಮ್ಯುನಿಯನ್‌ಗೆ ಬರ್ತಾ ಇದ್ದ. ಬಹಳ ಜನ ಇದ್ದರು." ಅವನು ವಧೂವರರ ಕಡೆ ಕೈ ತೋರಿಸಿದ. "ಇವತ್ತು ಅವನ ಮಗಳ ಮದುವೆ. ಇದೂ ಇದೇ ದಿನ."

ಏವ್ರಿಲ್ ಶೆರ್ವಿನ್‌ನ ತೋಳು ಹಿಡಿದು ಅಮ್ಮನನ್ನೇ ನೋಡಿದಳು. ಕಾರ್ಮಿನ್ ಎಲ್ಲರಿಗಿಂತ ಮೊದಲು ಗ್ಲಾಸ್ ಎತ್ತಿದಳು. ವೈನ್ ತುಳುಕಿ ಸೀರೆಯ ಮೇಲೆ ಚೆಲ್ಲಿತು, ಗ್ಲಾಸ್ ಇಳಿಸಲಿಲ್ಲ. ಕುರ್ಚಿಗಳು ಕಿರ್ರೆಂದವು. ಒಬ್ಬೊಬ್ಬರಾಗಿ ಹಾಲ್ ಎದ್ದು ನಿಂತಿತು. ಎಡ್ವಿನ್ ಮಾತ್ರ ಕೂತಲ್ಲೇ ಇದ್ದರು.

ಬ್ಯಾಂಡ್ ಶುರುವಾದ ಮೇಲೆ ಕಾರ್ಮಿನ್ ಎಡ್ವಿನ್‌ರ ಮೇಜಿಗೆ ಹೋಗಿ ಕೂತಳು. ಆಗ ನೀಲಿ ಸೀರೆಯ ಹೆಂಗಸೊಬ್ಬಳು ಬಂದು ನಿಂತಳು.

"ನಾನು ಆನಿ. ಶೆರ್ವಿನ್‌ನ ತಂದೆಯ ಚಿಕ್ಕಪ್ಪನ ಮಗಳು. ನನ್ನ ತಮ್ಮನೂ ಆ ವಿಮಾನದಲ್ಲೇ ಇದ್ದ." ಅವಳು ಬ್ಯಾಗಿನ ಹಿಡಿ ತಿರುಚಿದಳು. "ಕಾರ್ಡಿನಲ್ಲಿ ತಾರೀಕು ನೋಡಿ ಸಿಟ್ಟು ಬಂದಿತ್ತು ನಿಮ್ಮ ಮೇಲೆ. ಬರುವುದೇ ಬೇಡ ಅಂತ ಇದ್ದೆ. ಮತ್ತೆ, ಮನೆಯಲ್ಲಿ ಕೂತು ಎಂತ ಮಾಡುವುದು ಅನ್ನಿಸಿತು."

ಎಡ್ವಿನ್ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟರು. ಆನಿ ಕೂತು ಸಂಕೋಚದಿಂದ ಕೇಳಿದಳು: "ವಿಮಾನದಲ್ಲಿ ನಿಮ್ಮವರು ಎಲ್ಲಿ ಕೂತಿದ್ದರು ಗೊತ್ತುಂಟಾ?"

ಕಾರ್ಮಿನ್ ಬಾಯಿ ತೆರೆಯುವ ಮೊದಲೇ ಎಡ್ವಿನ್ ಅಂದರು: "ಕಿಟಕಿ ಬದಿ. ಯಾವಾಗಲೂ ಕೇಳಿ ತಗೊಳ್ತಿದ್ದ. ಊರು ಕಾಣಬೇಕಂತೆ ಅವನಿಗೆ."

ಇಷ್ಟು ವರ್ಷದಲ್ಲಿ ಅವರು ತಮ್ಮ ಲ್ಯಾನ್ಸಿಯ ಬಗ್ಗೆ ಕಾರ್ಮಿನ್‌ಳ ಎದುರು ಹೇಳಿದ ಮೊದಲ ಮಾತು ಅದು.

"ಮೇಲಿಂದ ಊರು ಹೇಗೆ ಕಾಣ್ತದೆ?" ಆನಿ ಕೇಳಿದಳು. "ನಾನು ವಿಮಾನ ಹತ್ತಿದವಳೇ ಅಲ್ಲ."

ಎಡ್ವಿನ್ ಗ್ಲಾಸು, ತಟ್ಟೆ ಎಲ್ಲ ಒಂದು ಬದಿಗೆ ಸರಿಸಿ, ಬಿಳಿ ಮೇಜುಬಟ್ಟೆಯ ಮೇಲೆ ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆದರು. "ಇದು ಸಮುದ್ರ," ಅಂದರು. "ಇಲ್ಲಿ ಹೊಳೆ. ಈಗ ವಿಮಾನ ಹೀಗೆ ತಿರುಗ್ತದೆ." ಇಬ್ಬರು ಹೆಂಗಸರೂ ಆ ಬೆರಳಿನ ಮೇಲೆ ಬಗ್ಗಿದರು.