ಹುಳಿ ಹೋದ ದ್ರಾಕ್ಷಿ

ಹಣ್ಣು ಸಿಹಿಯಾದರೆ ಯಾರ ಮನೆಯಲ್ಲಾದರೂ ಹಿಗ್ಗುತ್ತಾರೆ. ದಾಕ್ಷಾಯಿಣಿಯ ಹಣೆಬರಹ ನೋಡಿ, ಎಲ್ಲಿ ಸಿಹಿಯಾಗಿಬಿಡುತ್ತದೋ ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ತಳಕಿನಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಅವಳು ಬೆಳೆದದ್ದು ತಿನ್ನುವ ದ್ರಾಕ್ಷಿಯಲ್ಲ, ಬಿಳಿ ವೈನಿನ ದ್ರಾಕ್ಷಿ. ಶೆನಿನ್ ಅಂತ ಅದರ ಹೆಸರು. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ ಬೇರೆ. ಎಂಥ ಬಿಸಿಲಿನಲ್ಲೂ ಹುಳಿಯನ್ನು ಸುಲಭಕ್ಕೆ ಬಿಟ್ಟುಕೊಡದ ಜಾತಿ ಅಂತಲೇ ವೈನ್ ಕಂಪನಿಯವರು ಅದನ್ನು ಈ ಸೀಮೆಗೆ ಆರಿಸಿ ಕೊಟ್ಟಿದ್ದರು. ಆದರೆ ನಮ್ಮ ಕಡೆಯ ಬಿಸಿಲು ಅಂದರೆ ಸಾಮಾನ್ಯವೇ? ಶಿವರಾತ್ರಿ ಕಳೆದ ಮೇಲೆ ಕಾಗೆ ಕೂಡ ನೆರಳು ಬಿಟ್ಟು ಹಾರುವುದಿಲ್ಲ, ಇನ್ನು ಹಣ್ಣಿನ ಹುಳಿ ಎಷ್ಟು ದಿನ ನಿಂತೀತು! ಸಕ್ಕರೆ ಏರಿರಬೇಕು, ಹುಳಿ ಇಳಿದಿರಬಾರದು. ಅದು ಸಿಗುವುದೇ ಒಂದೆರಡು ದಿನ. ಆಗ ಬೆಳಗಿನ ತಂಪಿನಲ್ಲೇ ಕೊಯ್ದು ತಣ್ಣನೆಯ ಲಾರಿಗೆ ಏರಿಸಬೇಕು. ಹುಳಿ ಹೋದರೆ ವೈನು ಸಪ್ಪೆಯಾಗುತ್ತದೆ, ಕಂಪನಿ ಮೂಸಿಯೂ ನೋಡುವುದಿಲ್ಲ.

ಗಂಡ ಶಶಿಕಾಂತನದು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು. ಶೇಂಗಾ ಬಿಟ್ಟರೆ ಬೇರೆ ಬೆಳೆಯ ಮೇಲೆ ಅವನಿಗೆ ನಂಬಿಕೆಯಿಲ್ಲ. ಮೊದಲ ವರ್ಷ ಬಳ್ಳಿ ಹಬ್ಬಿಸುವುದರಲ್ಲೇ ಕಳೆಯಿತು. ಎರಡನೇ ವರ್ಷ ಆಲಿಕಲ್ಲು ಬಿದ್ದು ಗೊಂಚಲೆಲ್ಲ ಮಣ್ಣುಪಾಲಾಯಿತು. ಈ ಸಲ ಅವನು ಖಡಾಖಂಡಿತವಾಗಿ ಹೇಳಿದ್ದ: "ನೋಡು, ಈ ಬೆಳೆ ಕಂಪನಿಯೋರು ತಗಂಡ್ರೆ ಬಳ್ಳಿ ಉಳೀತೈತೆ. ಇಲ್ಲಾಂದ್ರೆ ಜೆಸಿಬಿ ತರ್ಸಿ ಬೇರು ಸಮೇತ ಕೀಳಿಸ್ತೀನಿ. ಆಮ್ಯಾಲೆ ಅಳಬ್ಯಾಡ." ಮದುವೆಯಾಗಿ ಬಂದು ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ಇದು ನನ್ನದು ಅಂತ ಅವಳು ಅಂದುಕೊಂಡಿದ್ದು ಆ ಎರಡು ಎಕರೆ ಬಳ್ಳಿಯೊಂದನ್ನೇ.

ಅವಳ ಬೆನ್ನಿಗೆ ನಿಂತವರು ಮಾವ ಜಯದೇವಪ್ಪ. ಮೊದಮೊದಲು ಅವರೂ ಕೂಗಾಡಿದ್ದರು. ಲಿಂಗ ಕಟ್ಟಿದ ಮನೆಯಲ್ಲಿ ಹೆಂಡದ ಬೆಳೆಯೇ ಎಂದು ವಾರಗಟ್ಟಲೆ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಅದೇನಾಯಿತೋ, "ನಾವು ಬೆಳೆಯೋದು ಹಣ್ಣು. ಅವ್ರು ಏನಾರ ಮಾಡ್ಕಳ್ಳಿ, ಅವ್ರ ಕರ್ಮ" ಅಂದು ಬೆಳಗಾದರೆ ಕೋಲೂರಿಕೊಂಡು ತೋಟಕ್ಕೆ ಹೊರಡತೊಡಗಿದರು. ಒಂದು ಕಾಳು ಬಾಯಿಗೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, "ಥೂ ನಿನ್ನ, ಹುಣಸೆಕಾಯೇ ವಾಸಿ ಕಣವ್ವ!" ಎಂದು ಮುಖ ಕಿವುಚುವರು. ಆ ಮುಖ ನೋಡಿ ದಾಕ್ಷಾಯಿಣಿ ಹೊಟ್ಟೆ ಹಿಡಿದು ನಗುವಳು. ಅತ್ತೆ ತಿಪ್ಪೇರುದ್ರಮ್ಮ ಮಾತ್ರ ಹೆಂಡಕ್ಕೆ ಹೋಗುವ ಹಣ್ಣು ಎಂದು ಮೂರು ವರ್ಷದಲ್ಲಿ ಒಂದು ಕಾಳನ್ನೂ ತುಟಿಗೆ ಸೋಕಿಸಿರಲಿಲ್ಲ.

ಕಂಪನಿಯ ಹುಡುಗ ರವಿಕಿರಣ್ ಬಂದು ರಸ ಹಿಂಡಿ ಪರೀಕ್ಷೆ ಮಾಡಿ, "ಅಕ್ಕಾ, ಬುಧವಾರ ಬೆಳಿಗ್ಗೆ ಕುಯ್ಸಿಬಿಡಿ, ಲಾರಿ ಕಳಿಸ್ತೀನಿ. ಈ ಬಿಸಿಲಾಗೆ ಹುಳಿ ನಿಲ್ಲಲ್ಲ" ಎಂದು ಹೇಳಿ ಹೋದ. ಮಂಗಳವಾರ ಸಂಜೆ ಜಯದೇವಪ್ಪ ತೋಟದಿಂದ ಬಂದು ಪಡಸಾಲೆಯಲ್ಲಿ ಕೂತರು. ಸೊಸೆ ನೀರು ತಂದು ಕೊಟ್ಟಳು. "ಇವತ್ತು ಹದ ಐತೆ ಕಣವ್ವ. ನಾಳೆ ತಪ್ಪಿಸ್ಬ್ಯಾಡ, ಕುಯ್ಸಿಬಿಡು" ಅಂದರು. ಚೊಂಬು ಕೈಯಲ್ಲೇ ಇತ್ತು, ತಲೆ ಗೋಡೆಗೆ ವಾಲಿತು. ಅಷ್ಟೇ. ತಳಕಿನಿಂದ ಡಾಕ್ಟರು ಬಂದು ನಾಡಿ ಹಿಡಿದು ತಲೆಯಾಡಿಸಿದರು.

ಅಪ್ಪನ ಮುಖ ನೋಡಬೇಕಾದ ಒಬ್ಬಳೇ ಮಗಳು ಮಂಜುಳಮ್ಮ ಗಂಡನ ಜೊತೆ ಕಾಶಿ ಯಾತ್ರೆಗೆ ಹೋಗಿದ್ದಳು. ಫೋನಿನಲ್ಲೇ ಎದೆ ಬಡಿದುಕೊಂಡು, "ನಾನು ಬರೋಗಂಟ ಅಪ್ಪನ್ನ ಮಣ್ಣು ಮಾಡಿದ್ರೆ ನನ್ನಾಣೆ" ಅಂದಳು. ರೈಲು ಹಿಡಿದು ಬರಬೇಕು, ಶುಕ್ರವಾರದ ಮಾತು. ಚಳ್ಳಕೆರೆಯಿಂದ ಐಸಿನ ಪೆಟ್ಟಿಗೆ ತರಿಸಿದರು. ಲಿಂಗವಂತರ ಹೆಣ ಕೂರಿಸಬೇಕು, ಮಲಗಿಸಿದಿರಲ್ಲೋ ಎಂದು ಮಾವನ ದಾಯಾದಿ ಏಕಾಂತಪ್ಪ ಗೊಣಗಿದರು, ಆಮೇಲೆ ಅವರೇ ಪೆಟ್ಟಿಗೆಯ ವೈರು ಹಿಡಿದು ಪ್ಲಗ್ಗು ಎಲ್ಲಿದೆ ಎಂದು ಹುಡುಕಿದರು.

ದಾಕ್ಷಾಯಿಣಿಗೆ ಮಾವ ಹೋದ ದುಃಖ ಒಂದು ಕಡೆ, ಬುಧವಾರ ಇನ್ನೊಂದು ಕಡೆ. ಬೆಳಗಿನ ಜಾವ ಗಂಡನನ್ನು ಹಿತ್ತಲಿಗೆ ಕರೆದಳು.

"ಏನ್ರೀ, ಮಾವನೇ ಹೇಳಿದ್ರು. ಕೊನೇ ಮಾತು ಅದೇ, ನಾಳೆ ಕುಯ್ಸಿಬಿಡು ಅಂತ."

ಶಶಿಕಾಂತ ಸುತ್ತ ನೋಡಿ ಹಲ್ಲು ಕಚ್ಚಿದ. "ಇದನ್ನ ಯಾರ ಮುಂದೂ ಬಾಯಿ ಬಿಟ್ಟೀಯ ಮತ್ತೆ! ಜಯದೇವಪ್ಪ ಸಾಯೋವಾಗ ಶಿವಾ ಅನ್ನಲಿಲ್ಲ, ಹೆಂಡದ ಹಣ್ಣಿನ ಮಾತಾಡ್ತಾ ಸತ್ತ ಅಂತ ಊರೆಲ್ಲ ಆಡ್ಕಂತಾರೆ."

ಹೇಳಿದರೆ ಮಾವನ ಮಾನ ಹೋಗುತ್ತದೆ, ಹೇಳದಿದ್ದರೆ ಬಳ್ಳಿ ಹೋಗುತ್ತದೆ. ಎಂಥ ಇಕ್ಕಟ್ಟಪ್ಪಾ ಇದು!

ಹಣ್ಣು ಕೊಯ್ಯುವ ಹೆಂಗಸರ ಗುಂಪಿನ ಹಿರಿಯಳು ನಿಂಗಕ್ಕ. ಕೆಲಸಕ್ಕೆಂದು ಎದ್ದವರೆಲ್ಲ ತೋಟಕ್ಕೆ ಹೋಗದೆ ಸೀದಾ ಮನೆಗೇ ಬಂದು, ಪೆಟ್ಟಿಗೆಯ ಸುತ್ತ ಕೂತು ಹಾಡಿ ಅಳುತ್ತಿದ್ದರು. ಸದ್ದಿಲ್ಲದೆ ಹೋಗಿ ಹಣ್ಣು ಕೊಯ್ದುಬಿಡಿ ಎಂದು ದಾಕ್ಷಾಯಿಣಿ ನಿಂಗಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು. ನಿಂಗಕ್ಕ ಗಾಬರಿಯಿಂದ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ದೇವುಡಾ! ಯಜಮಾನ್ರನ್ನ ಒಳಗೆ ಮಲಗಿಸ್ಕಂಡು ನಾವು ಕತ್ರಿ ಹಿಡಿಯದಾ ಅಮ್ಮಾರೇ? ದೊಡ್ಡೋರು ಒಪ್ಪದೆ ನನ್ ಕೈ ಆಡಲ್ಲ."

ಉಳಿದದ್ದು ಒಂದೇ ದಾರಿ. ತಲೆ ಮೇಲೆ ಸೆರಗು ಹೊದ್ದು, ಹಿರಿಯರು ಕೂತಿದ್ದ ಪಡಸಾಲೆಯ ಬಾಗಿಲಲ್ಲಿ ನಿಂತಳು.

"ದೊಡ್ಡಪ್ಪಾರೇ, ನಮ್ಮಲ್ಲಿ ಸೂತಕ ಇಲ್ಲ ಅಂತ ಮಾವ ಯಾವಾಗ್ಲೂ ಹೇಳ್ತಿದ್ರು. ಬಿಸಿಲು ಏರೋದ್ರೊಳಗೆ ತೋಟದ್ದೊಂದು ಮುಗ್ಸಿಬಿಟ್ರೆ..."

ಭಜನೆ ಮಾಡುತ್ತಿದ್ದವರು ತಾಳ ಕೆಳಗಿಟ್ಟರು. ಏಕಾಂತಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟಿನಿಂದಲ್ಲ, ಮರುಕದಿಂದ; ಅದೇ ಹೆಚ್ಚು ಚುಚ್ಚಿತು.

"ಹೌದವ್ವ, ನಮಗೆ ಸೂತಕ ಇಲ್ಲ. ಮರ್ಯಾದೆನೂ ಇಲ್ವಾ?"

ಶಶಿಕಾಂತ ತಲೆ ತಗ್ಗಿಸಿದ. ದಾಕ್ಷಾಯಿಣಿ ಒಳಗೆ ಬಂದು ಪೆಟ್ಟಿಗೆಯ ಪಕ್ಕ ಕೂತಳು.

ಹೊತ್ತಿಗೆ ಸರಿಯಾಗಿ ಲಾರಿ ಬಂತು. ಡ್ರೈವರ್ ಹನುಮಂತರಾಜು ಚಪ್ಪಲಿ ಬಿಟ್ಟು ಒಳಗೆ ಬಂದು ಹೆಣಕ್ಕೆ ಕೈ ಮುಗಿದ, ಅವಳಿಗೂ ಕೈ ಮುಗಿದ. "ಅಕ್ಕಾ, ಕಾಯಾಕೆ ಆಗಲ್ಲ. ಬೇರೆ ತೋಟದಾಗೆ ಕುಯ್ದು ಇಟ್ಕಂಡು ಕೂತವ್ರೆ." ಮೈಯೆಲ್ಲ ತಂಪು ತುಂಬಿಕೊಂಡು ಬಂದ ಲಾರಿ ಖಾಲಿ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಕಣ್ಣೆದುರೇ ನಡೆಯಿತು.

ಗುರುವಾರದ ಬಿಸಿಲು ಬುಧವಾರದ್ದನ್ನೂ ಮೀರಿಸಿತು. ಐಸಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಗಾಜಿನ ಒಳಗೆ ಮಾವ ತಣ್ಣಗೆ ಮಲಗಿದ್ದರು, ಹೊರಗೆ ತೋಟ ಬೇಯುತ್ತಿತ್ತು. ಒಬ್ಬಳೇ ಎದ್ದು ಹೋಗಿ ಕೈಲಾದಷ್ಟು ಕೊಯ್ದರೆ ಹೇಗೆ ಎಂದು ಎಷ್ಟು ಸಲ ಅನ್ನಿಸಿತೋ! ಕೊಯ್ದು ಯಾವ ಲಾರಿಗೆ ಹಾಕುವುದು? ಮನೆಯ ಸೊಸೆ ಹೆಣದ ಮಗ್ಗುಲಿಂದ ಎದ್ದು ತೋಟಕ್ಕೆ ಓಡಿದಳು ಅಂದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಒಂದು ಗಳಿಗೆ, ಈ ಮಂಜುಳಮ್ಮ ಬೇಗ ಬಂದು ಅತ್ತು ಮುಗಿಸಬಾರದೇ ಅನ್ನಿಸಿತು. ಇನ್ನೊಂದು ಗಳಿಗೆ, ಮಾವ ಒಂದು ದಿನ ತಡೆದು ಸಾಯಬಾರದಿತ್ತೇ ಅನ್ನಿಸಿಬಿಟ್ಟಿತು. ಥೂ ಪಾಪಿ, ಇದೆಂಥ ಯೋಚನೆ ನಿನ್ನದು ಎಂದು ತನ್ನನ್ನೇ ಬೈದುಕೊಂಡಳು. ಅಳು ಬರಲಿಲ್ಲ. ಸುತ್ತ ಕೂತ ಹೆಂಗಸರು ಅವಳ ಒಣಗಿದ ಕಣ್ಣು ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು.

ಶುಕ್ರವಾರ ಮಂಜುಳಮ್ಮ ಬಂದಳು, ಮೂರ್ಛೆ ಹೋದಳು, ಎದ್ದಳು. ಜಯದೇವಪ್ಪನವರಿಗೆ ವಿಭೂತಿ ಬಳಿದು, ತಮ್ಮದೇ ಹೊಲದ ಬದುವಿನಲ್ಲಿ ಸಮಾಧಿ ಮಾಡಿದರು.

ಶನಿವಾರ ರವಿಕಿರಣ್ ಬಂದ. ಸಾಲಿನಿಂದ ಸಾಲಿಗೆ ಓಡಾಡಿ ಹಣ್ಣು ಕಿತ್ತು, ರಸ ಹಿಂಡಿ, ಮತ್ತೆ ಮತ್ತೆ ಪರೀಕ್ಷೆ ಮಾಡಿದ. ಮೊದಲ ಸಲಕ್ಕೇ ಅವನಿಗೆ ಗೊತ್ತಾಗಿತ್ತು, ಅವಳ ಮುಖ ನೋಡಲಾರದೆ ಮತ್ತೆ ಹಿಂಡುತ್ತಿದ್ದ.

"ಹೇಳಪ್ಪ, ಪರವಾಗಿಲ್ಲ" ಅಂದಳು.

"ಹುಳಿ ಹೋಗೈತೆ ಅಕ್ಕಾ. ಬರೀ ಸಕ್ಕರೆ. ನಾನು ಹ್ಞೂಂ ಅಂದ್ರೂ ಅಲ್ಲಿ ಇಳಿಸ್ಕಳಲ್ಲ."

"ಸ್ವಲ್ಪನಾದ್ರೂ? ನೆರಳಿನ ಕಡೇದು?"

ಹುಡುಗ ತಲೆ ಅಲ್ಲಾಡಿಸಿದ. ಸಂಜೆ ಶಶಿಕಾಂತನಿಗೆ ತಿಳಿಸಿದಳು. ಅವನು ಬೈಯಲಿಲ್ಲ. "ಪಾಪ, ನೀನೂ ಏನ್ ಮಾಡ್ತೀಯ" ಅಂದ, ಆಮೇಲೆ ಫೋನು ತೆಗೆದು ಸೋಮವಾರಕ್ಕೆ ಜೆಸಿಬಿ ಬರಲು ಹೇಳಿದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಭಾನುವಾರ ಸಮಾಧಿಗೆ ಹಾಲು ತುಪ್ಪ ಬಿಟ್ಟು, ಬಂಧು ಬಳಗವೆಲ್ಲ ಊಟಕ್ಕೆ ಕೂತಿತು. ಹೇಗೂ ಕಂಪನಿಗೆ ಹೋಗದ ಹಣ್ಣು, ಸತ್ತವರ ತೋಟದ್ದು, ಜನ ತಿನ್ನಲಿ ಎಂದು ಏಕಾಂತಪ್ಪ ನಿಂಗಕ್ಕನ ಕೈಲಿ ಪುಟ್ಟಿಗಟ್ಟಲೆ ಕೊಯ್ಯಿಸಿ ತರಿಸಿದರು. ಇಂದು ನಿಂಗಕ್ಕನ ಕತ್ತರಿ ಚೆನ್ನಾಗಿಯೇ ಆಡಿತ್ತು. ಎಲೆ ಎಲೆಗೂ ಒಂದೊಂದು ಗೊಂಚಲು ಬಿತ್ತು.

"ಆಹಾ! ಏನ್ ರುಚಿ ಮಾರಾಯ!"

"ಸಕ್ಕರೆ ಬಿಡು, ಬೆಲ್ಲದ ಪಾಕ! ಇಂಥ ಹಣ್ಣನ್ನ ಹೆಂಡಕ್ಕೆ ಹಾಕಾಕೆ ಹೊಂಟಿದ್ರಾ?"

ದಾಕ್ಷಾಯಿಣಿ ಪುಟ್ಟಿ ಹಿಡಿದು ಸಾಲಿನ ತುದಿಯ ತನಕ ಬಡಿಸಿದಳು. ಹೊಗಳಿದವರಿಗೆಲ್ಲ ತಲೆಯಾಡಿಸಿದಳು. ಹುಳಿ ಬೇಕಿತ್ತು, ಸಿಹಿಯೇ ನನ್ನನ್ನು ಕೆಡಿಸಿತು ಅಂತ ಯಾರಿಗೆ ಹೇಳುವುದು, ಹೇಳಿದರೂ ಯಾರಿಗೆ ಅರ್ಥವಾದೀತು!

ಒಳಕೋಣೆಯಲ್ಲಿ ತಿಪ್ಪೇರುದ್ರಮ್ಮ ಒಬ್ಬರೇ ಗೋಡೆಗೊರಗಿ ಕೂತಿದ್ದರು. ಬೋಳು ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು. ಮಣ್ಣು ಮಾಡಿದ ದಿನದಿಂದ ಅನ್ನ ಮುಟ್ಟಿರಲಿಲ್ಲ. ದಾಕ್ಷಾಯಿಣಿ ಹಣ್ಣಿನ ಪುಟ್ಟಿಯನ್ನು ಮರೆಯಲ್ಲಿಟ್ಟು ಹಾಲು ಕೊಡಲು ಹೋದರೆ ಮುದುಕಿ ತಾವಾಗಿಯೇ ಪುಟ್ಟಿಯತ್ತ ಕೈ ಚಾಚಿದರು. "ಅದನ್ನೇ ಕೊಡವ್ವ. ಅವರು ದಿನಾ ತಿಂತಿದ್ರಲ್ಲ."

ಒಂದು ಕಾಳು ಬಾಯಿಗೆ ಹಾಕಿಕೊಂಡರು. ಹುಳಿಗೆ ಸಿದ್ಧವಾಗಿ ಮುಖ ಮೊದಲೇ ಕಿವುಚಿಕೊಂಡಿತ್ತು. ಮೆಲ್ಲಗೆ ಅದು ಸಡಿಲವಾಯಿತು. ಇನ್ನೊಂದು ತಿಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಇಷ್ಟು ಸಿಹಿ ಐತಲ್ಲೇ! ದಿನಾ ಹುಳಿ ಹುಳಿ ಅಂತಿದ್ರಲ್ಲ. ಅಯ್ಯೋ ಪಾಪ, ಇನ್ನು ನಾಕು ದಿನ ಇದ್ದಿದ್ರೆ ಸಿಹಿ ತಿಂದು ಹೋಗ್ತಿದ್ರಲ್ಲ ದಾಕ್ಷಾಣಿ."

ಮಾವನಿಗೆ ಬೇಕಿದ್ದದ್ದೂ ಆ ಹುಳಿಯೇ ಎಂಬ ಮಾತು ಅವಳ ಬಾಯಿಯ ತನಕ ಬಂತು. ಅತ್ತೆಯ ಮುಖ ನೋಡಿದಳು.

"ಹ್ಞೂಂ ಅತ್ತೆ, ಸಿಹಿ ತಿಂದು ಹೋಗ್ತಿದ್ರು" ಅಂದಳು. ಅತ್ತೆ ಇನ್ನೊಂದು ಗೊಂಚಲು ಕೇಳಿದರು. ಅವಳು ಪುಟ್ಟಿಯಲ್ಲಿ ಚೆನ್ನಾಗಿರುವುದನ್ನು ಹುಡುಕಿ ಕೊಟ್ಟಳು.