ಗಾಡಿ ಎಳೀತಿಲ್ಲ

ಮಾವ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಆರು ವರ್ಷದಲ್ಲಿ ಅದೇ ಮೊದಲು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದು, ಗಿರಾಕಿಗಳ ಬೆಂಚಿನ ಮೇಲೆ ಗಿರಾಕಿಯಂತೆಯೇ ಕೂತರು. ನಾನು ಎದ್ದು ಒಳಗೆ ಬನ್ನಿ ಎಂದರೂ ಬರಲಿಲ್ಲ. ಮುಂದಿದ್ದ ಇಬ್ಬರ ಕೆಲಸ ಮುಗಿದು ತಮ್ಮ ಸರದಿ ಬಂದ ಮೇಲೆಯೇ ಅದನ್ನು ನನ್ನ ಮೇಜಿನ ಮೇಲಿಟ್ಟರು.

"ಗಾಡಿ ಎಳೀತಿಲ್ಲಮ್ಮ."

ಮಾವ ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿದವರು. ನಿವೃತ್ತಿಯ ಮರುವರ್ಷವೇ ಬಲಗಣ್ಣು ಮಂಜಾಗಿ ಲೈಸೆನ್ಸ್ ಹೋಯಿತು. ಆಮೇಲೆ ರಸ್ತೆಯಲ್ಲಿ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದರು. ನನ್ನ ಗಂಡ ಭಾರೀ ಉಮೇದಿನಲ್ಲಿ ಕೊಂಡ ಗೇಮಿಂಗ್ ಲ್ಯಾಪ್‌ಟಾಪ್ ಆರೇ ತಿಂಗಳಿಗೆ ಅವನಿಗೆ ಹಳಸಿ ಕಪಾಟು ಸೇರಿತ್ತು. ಅದನ್ನು ಹೊರತೆಗೆದು, ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಟ್ಟವನೂ ಅವನೇ. ಗಂಡನ ಹೊಗಳಿಕೆ ಇಷ್ಟು ಸಾಕು. ನಡುಮನೆಯ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ, ಮೇಜಿಗೆ ಸ್ಟೇರಿಂಗ್ ಬಿಗಿದು, ಕಾಲಡಿಗೆ ಪೆಡಲ್ ಇಟ್ಟ ದಿನದಿಂದ ಮಾವ ಕರೆಯದೆಯೇ ಊಟಕ್ಕೆ ಬರುವಂತಾದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರ ಜೊತೆಗೆ ಟಿಕೆಟ್ ಮಾವ. ಹತ್ತೊಂಬತ್ತು ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಈಗ ಒಂದು ದಿನದ ಪ್ರಯಾಣದಷ್ಟು ದೂರದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಅವರೂ ಮಾವನನ್ನು ಪೈಲಟ್ ಎಂದೇ ಕರೆಯುವುದು. ಇವರಿಬ್ಬರ ಹಳೆಯ ಘಟ್ಟದ ರಸ್ತೆಯನ್ನು, ಮೂವತ್ತೆರಡು ತಿರುವುಗಳ ಸಮೇತ, ಯಾರೋ ಪುಣ್ಯಾತ್ಮ ಆ ಆಟದೊಳಗೆ ಕಟ್ಟಿಟ್ಟಿದ್ದ. ಲ್ಯಾಪ್‌ಟಾಪಿನಲ್ಲೇ ಕರೆ ಜೋಡಿಸಿಕೊಂಡು ಮಾವ ಇಲ್ಲಿ ಓಡಿಸುತ್ತಾರೆ. ಟಿಕೆಟ್ ಮಾವ ಅಲ್ಲಿ ಮಗಳ ಫೋನಿನಲ್ಲಿ ಇದೇ ರಸ್ತೆ ನೋಡುತ್ತ ನಿಲ್ದಾಣ ಕೂಗುತ್ತಾರೆ, ರೈಟ್ ಹೇಳುತ್ತಾರೆ, ದನಿ ಸೋತಾಗ ತಮ್ಮ ಹಳೆಯ ಟಿಕೆಟ್ ಪಂಚನ್ನು ಮಂಚದ ಕಂಬಿಗೆ ಕುಟ್ಟುತ್ತಾರೆ. ಒಂದು ಟಕ್ ಅಂದರೆ ನಿಲ್ಲು, ಎರಡು ಅಂದರೆ ಹೋಗು. ಬಸ್ಸಿನಲ್ಲೂ ಗದ್ದಲವಿದ್ದಾಗ ಹಾಗೇ ಮಾಡುತ್ತಿದ್ದರಂತೆ.

ಆದರೆ ಘಟ್ಟ ಒಂದು ಸಲವೂ ಮುಗಿದಿರಲಿಲ್ಲ. ಹನ್ನೆರಡನೇ ತಿರುವಿನ ಹೊತ್ತಿಗೆ ಚಿತ್ರ ತಡವರಿಸಲು ಶುರುವಾಗಿ, ಬಸ್ಸು ಕುಂಟಿ, ಹೋಗಿ ಕಲ್ಲಿಗೆ ಗುದ್ದುತ್ತಿತ್ತು. ಇದನ್ನು ಮಾವ ತಿಂಗಳುಗಟ್ಟಲೆ ಸಹಿಸಿಕೊಂಡಿದ್ದರು. ಈಗ ಸಹಿಸಲು ಸಮಯ ಉಳಿದಿರಲಿಲ್ಲ. ಟಿಕೆಟ್ ಮಾವನ ಗಂಟಲಲ್ಲಿ ಗಡ್ಡೆ. ಬರುವ ಬುಧವಾರ ಆಪರೇಷನ್. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಈ ಭಾನುವಾರ ಒಂದು ಸಲ ಮೇಲಿನವರೆಗೂ ಹೋಗ್ಬೇಕು," ಎಂದರು ಮಾವ. "ಕೊನೇ ಸ್ಟಾಪ್ ಅವನೇ ಕೂಗ್ಬೇಕು."

ನನಗೆ ಮರುಕವಾಯಿತು, ನಿಜ. ಅದರ ಪಕ್ಕದಲ್ಲೇ ಸ್ವಲ್ಪ ಜಂಬವೂ ಆಯಿತು, ಅದನ್ನೇಕೆ ಮುಚ್ಚಿಡಲಿ? ನಾನು ಲ್ಯಾಪ್‌ಟಾಪಿನ ಹೊಟ್ಟೆ ಬಗೆದು ಚಿಪ್ ರಿಪೇರಿ ಮಾಡುವವಳು. ಮದುವೆ ಮಾತುಕತೆಯ ದಿನ ಮಾವ ಇದನ್ನು ಸ್ಕ್ರೂ ತಿರುಗಿಸುವ ಕೆಲಸ ಅಂದಿದ್ದರು. ಆರು ವರ್ಷವಾದರೂ ಆ ಮಾತು ನನ್ನ ಹೊಟ್ಟೆಯಲ್ಲಿ ಕರಗಿರಲಿಲ್ಲ. ಇವತ್ತು ಸ್ಕ್ರೂ ತಿರುಗಿಸುವವಳ ಬಾಗಿಲಿಗೇ ಬಂದರಲ್ಲ ಎಂದುಕೊಂಡೆ.

ಅಂಗಡಿಯ ಪರದೆಗೆ ಜೋಡಿಸಿ ಅರ್ಧ ಗಂಟೆ ಆಟ ಓಡಿಸಿ ನೋಡಿದೆ. ನಿಲ್ಲಲಿಲ್ಲ, ಆದರೆ ತಿರುವುಗಳಲ್ಲಿ ಏದುಸಿರು ಬಿಡುತ್ತಿತ್ತು. ನೋಡಿದರೆ ಪ್ರೊಸೆಸರ್‌ಗೆ ಇನ್ನೂ ತಾಕತ್ತಿದೆ, ಕಂಪನಿಯವರೇ ಮೂಗುದಾರ ಹಾಕಿ ಬಿಟ್ಟಿದ್ದಾರೆ. ಲ್ಯಾಪ್‌ಟಾಪ್ ಆನ್ ಆದಾಗ ಎಲ್ಲಕ್ಕೂ ಮೊದಲು ಏಳುವುದು ಬಯಾಸ್ ಎಂಬ ಪ್ರೋಗ್ರಾಂ; ಕಡಲೆಕಾಳಿನಷ್ಟು ದೊಡ್ಡ, ಎಂಟು ಕಾಲಿನ ಚಿಪ್ಪಿನೊಳಗೆ ಅದರ ವಾಸ. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ಹೇಳುವ ಪುಟಗಳೆಲ್ಲ ಅದರಲ್ಲೇ ಇರುತ್ತವೆ, ಆದರೆ ನಮ್ಮ ಕಣ್ಣಿಗೆ ಬೀಳದಂತೆ ಬೀಗ ಹಾಕಿರುತ್ತಾರೆ. ನಾವು ಕೊಂಡ ಮನೆಯಲ್ಲಿ ನಮಗೇ ಕಾಣದ ಕೋಣೆ. ಇದನ್ನು ಕಂಡರೆ ನನಗೆ ಮೊದಲಿಂದಲೂ ಮೈ ಉರಿ. ಬೀಗ ತೆಗೆದು ವೇಗ ಏರಿಸುತ್ತೇನೆ ಎಂದೆ.

ಮಾವ ಮೇಜಿನತ್ತ ಬಾಗಿದರು. "ಸ್ಪೀಡ್ ಗವರ್ನರ್ ಸೀಲ್ ಒಡೆಯೋದು ಅಂತೀಯಾ?"

ಬಸ್ಸು ಮಿತಿ ಮೀರಿ ಓಡದಂತೆ ತಡೆಯುವ ಯಂತ್ರದ ಸೀಲು ಅದು. ಹೆಚ್ಚುಕಮ್ಮಿ ಹಾಗೇ ಎಂದೆ. ಮೂವತ್ನಾಲ್ಕು ವರ್ಷದಲ್ಲಿ ತಾವು ಆ ಸೀಲಿಗೆ ಉಗುರೂ ತಾಗಿಸಿದವರಲ್ಲ ಎಂದರು. ಇದು ನಮ್ಮದೇ ಗಾಡಿ, ಹಿಂದೆ ಯಾರ ಜೀವವೂ ಕೂತಿಲ್ಲ ಎಂದು ನಾನು ಹೇಳಿದ ಮೇಲೆ, ಆಗಲಿ ಎಂಬಂತೆ ತಲೆಯಾಡಿಸಿದರು.

ಈ ಕೆಲಸದಲ್ಲಿ ಆತುರಕ್ಕೆ ಜಾಗವಿಲ್ಲ. ತಿದ್ದಿದ್ದನ್ನು ಚಿಪ್ಪಿಗೆ ಬರೆಯುವಾಗ ಅದಕ್ಕೆ ಕಚ್ಚಿಸಿದ ಕ್ಲಿಪ್ ಅಲುಗಿದರೆ ಲ್ಯಾಪ್‌ಟಾಪ್ ಇಟ್ಟಿಗೆ. ಗೋಡೆ ಕಟ್ಟಲೂ ಬಾರದ ಇಟ್ಟಿಗೆ. ಹಿಂಬದಿಯ ಮುಚ್ಚಳ ಬಿಚ್ಚಿ, ಬ್ಯಾಟರಿ ಕಳಚಿ, ಚಿಪ್ಪಿನ ಎಂಟು ಕಾಲಿಗೂ ನನ್ನ ಕಂಪ್ಯೂಟರಿಗೆ ಜೋಡಿಸಿದ ಕ್ಲಿಪ್ ಕಚ್ಚಿಸಿದೆ. ಒಳಗಿರುವುದನ್ನು ಎರಡು ಸಲ ಓದಿಸಿ, ಎರಡೂ ಒಂದೇ ಇದ್ದರೆ ಮಾತ್ರ ಮುಂದುವರಿಯುವುದು ನನ್ನ ಪದ್ಧತಿ. ಮೊದಲ ಎರಡು ಓದು ತಾಳೆಯಾಗಲಿಲ್ಲ. ಕ್ಲಿಪ್ ತೆಗೆದು, ಕಾಲುಗಳನ್ನು ಒರೆಸಿ, ಮತ್ತೆ ಕಚ್ಚಿಸಿದೆ. ಮೂರನೆಯದೂ ನಾಲ್ಕನೆಯದೂ ಒಂದೇ ಬಂದವು. ಮೂಲದ ಪ್ರತಿಯನ್ನು ಎರಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು, ಬೀಗದ ಜಾಗ ಹುಡುಕಿ ತಿದ್ದಿ, ವಾಪಸು ಬರೆದೆ. ಮಾವ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಹೊರಡುವ ಮುಂಚೆ ಟೈರು ತಟ್ಟಿ ನೋಡುವವರು ಅವರು. ನಾನು ನಾಲ್ಕು ಸಲ ಓದಿಸಿದ್ದು ಅವರಿಗೆ ಹಿಡಿಸಿತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆನ್ ಮಾಡಿದಾಗ ಒಂದು ನಿಮಿಷ ಪರದೆ ಕಪ್ಪಗೇ ಇತ್ತು. ಹೀಗಾಗುತ್ತದೆಂದು ಗೊತ್ತಿದ್ದೂ ನಾನು ಮೂಲದ ಪ್ರತಿಯ ಪೆನ್‌ಡ್ರೈವ್ ಕೈಗೆತ್ತಿಕೊಂಡೆ. ಆಮೇಲೆ ಬೆಳಕು ಬಂತು, ಮುಚ್ಚಿದ್ದ ಪುಟಗಳೆಲ್ಲ ಸಾಲಾಗಿ ತೆರೆದುಕೊಂಡವು. ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಲ್ಲೂ ನಿಂತು ನೋಡಿ, ಕೊನೆಗೆ ಮೂರು ಗಂಟೆ ಬಿಡದೆ ಆಟ ಓಡಿಸಿದೆ. ಮೂವತ್ತೆರಡು ತಿರುವು ನೀರು ಕುಡಿದಷ್ಟು ಸಲೀಸು. ಫ್ಯಾನ್ ಮಾತ್ರ ಭೋರೆಂದು ಕೂಗುತ್ತಿತ್ತು.

"ಸದ್ದು ಜಾಸ್ತಿ ಆಯ್ತಲ್ಲ," ಎಂದರು ಮಾವ.

ಎಳೆಯುವ ಗಾಡಿ ಸದ್ದು ಮಾಡದೆ ಇರುತ್ತದೆಯೇ ಎಂದು ದೊಡ್ಡ ಮೆಕ್ಯಾನಿಕ್‌ನ ಹಾಗೆ ಹೇಳಿ ಕಳಿಸಿದೆ. ಅವರು ಇನ್ನೊಮ್ಮೆ ಫ್ಯಾನಿನ ಕಡೆ ಕಿವಿಗೊಟ್ಟು, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟರು. ಸದ್ದಾದರೆ ಏನು ತೊಂದರೆ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಗೆ ಮಾವನ ಫೋನ್ ಬಂತು. ನಾಳೆಗೆಂದು ಒಮ್ಮೆ ಓಡಿಸಿ ನೋಡಿದ್ದರು. ಹನ್ನೆರಡನೇ ತಿರುವಿನಲ್ಲಿ ನಿಲ್ಲುತ್ತಿದ್ದ ಬಸ್ಸು ಈಗ ಒಂಬತ್ತರಲ್ಲೇ ನಿಂತಿತ್ತು. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಕೈಲಾದದ್ದು ಮಾಡಿದ್ದೀ ಎಂದು ನನಗೇ ಸಮಾಧಾನ ಹೇಳಿ ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಅಂದು ಸಂಜೆ ಮನೆಯಲ್ಲಿ ಕಂಪನಿಯನ್ನು ಬೈದೆ, ಆಟ ಮಾಡಿದವರನ್ನು ಬೈದೆ, ಮನೆಯ ಕರೆಂಟನ್ನೂ ಬಿಡಲಿಲ್ಲ. ಅತ್ತೆ ಬಟ್ಟೆ ಮಡಿಸುತ್ತ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೋಡೆಗೆ ಹೇಳಿದರು. ಗೋಡೆ ಸುಮ್ಮನಿತ್ತು, ನಾನೂ ಸುಮ್ಮನಾದೆ. ಎಲ್ಲವನ್ನೂ ಮತ್ತೆ ತಾಳೆ ನೋಡಿದೆ, ಒಂದೂ ತಪ್ಪು ಕಾಣಲಿಲ್ಲ. ಅಂಗಡಿಯಲ್ಲಿ ಮೂರು ಗಂಟೆ ಓಡಿದ್ದು ಮನೆಯಲ್ಲಿ ಅರ್ಧ ಗಂಟೆ ಯಾಕೆ ಓಡುವುದಿಲ್ಲ?

ಭಾನುವಾರ ನನ್ನ ಅಂಗಡಿಗೆ ಗಿರಾಕಿ ಹೆಚ್ಚು. ಹಾಗಾಗಿ ಮಾವನ ಭಾನುವಾರದ ಓಟವನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಅಂದು ಅಂಗಡಿಗೆ ಬೀಗ ಹಾಕಿ, ಮನೆಯಲ್ಲೇ ಗೋಡೆಗೊರಗಿ ಕೂತೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮಾವ ತಲೆ ಬಾಚಿ, ವಾಚು ಕಟ್ಟಿಕೊಂಡು ಬಂದರು. ಮೇಜಿಗೆ ಒಂದು ಸುತ್ತು ಹಾಕಿ, ಸ್ಟೇರಿಂಗ್ ಅಲುಗಾಡಿಸಿ ನೋಡಿದರು. ಟೀವಿ ಹಚ್ಚಿ, ಆಟದ ಸದ್ದನ್ನು ಪೂರ್ತಿ ಬಂದ್ ಮಾಡಿದರು. ಲ್ಯಾಪ್‌ಟಾಪನ್ನು ಮುಚ್ಚಿ, ತಮ್ಮ ಪಕ್ಕದ ಸ್ಟೂಲಿನ ಮೇಲಿಟ್ಟರು. ಆಮೇಲೆ ಕುರ್ಚಿಯ ಮೇಲಿದ್ದ ದಪ್ಪ ಹಾಸನ್ನು ತೆಗೆದು, ಕೊಡವಿ, ಲ್ಯಾಪ್‌ಟಾಪಿನ ಮೇಲೆ ಹೊದಿಸಿ, ಮಗುವಿಗೆ ಹೊದಿಸಿದ ಹಾಗೆ ನಾಲ್ಕೂ ಕಡೆ ಒಳಕ್ಕೆ ಸಿಕ್ಕಿಸಿದರು.

ನಾನು ಎದ್ದು ಹತ್ತಿರ ಹೋದೆ. ಆರು ವರ್ಷದಿಂದ ನಾನು ಅದನ್ನು ಕುರ್ಚಿಯ ಮೆತ್ತೆ ಎಂದುಕೊಂಡಿದ್ದೆ, ಅದರ ಮೇಲೆ ಕೂತೂ ಇದ್ದೆ. ಅದು ಬಸ್ಸಿನ ಇಂಜಿನ್ನಿನ ಗವಸು. ಹಳೆಯ ಬಸ್ಸುಗಳಲ್ಲಿ ಇಂಜಿನ್ ಡ್ರೈವರನ ಪಕ್ಕದಲ್ಲೇ ಇರುತ್ತಿತ್ತು. ಅದರ ಕಾವಿಗೆ, ಸದ್ದಿಗೆ ಅಡ್ಡವಾಗಿ ಇಂಥ ಹತ್ತಿ ತುಂಬಿದ ಗವಸು ಹೊದಿಸುತ್ತಿದ್ದರು. ಇದನ್ನು ಹೊಲಿದವರು ಅತ್ತೆಯೇ. ಬಸ್ಸಿನ ಇಂಜಿನ್ನಿಗೆ ಗಾಳಿ ಮುಂದಿನಿಂದ ಬರುತ್ತದೆ, ಏನೂ ಆಗದು. ಲ್ಯಾಪ್‌ಟಾಪಿಗೆ ಉಸಿರಾಡಲು ಇರುವುದೇ ನಾಲ್ಕು ಕಿಂಡಿ. ಬಿಸಿ ಏರಿದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ನಾನು ವೇಗ ಏರಿಸಿ ಬಿಸಿಯನ್ನೂ ಏರಿಸಿದ್ದೆ. ಬಸ್ಸು ಮೂರು ತಿರುವು ಮುಂಚೆ ನಿಂತದ್ದು ನನ್ನ ಬುದ್ಧಿವಂತಿಕೆಯಿಂದಲೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

ಕೂಗಾಡಬೇಕೆನಿಸಿತು, ಆದರೆ ಯಾರ ಮೇಲೆ? ಮಾವ ಅದನ್ನು ಹೊದಿಸಿದ ರೀತಿ ಕಂಡಿದ್ದೆನಲ್ಲ. ಇದು ಯಾಕೆ ಎಂದು ಮೆಲ್ಲಗೆ ಕೇಳಿದೆ.

"ಅವನ ದನಿ ಈಗ ಪಿಸುಗುಟ್ಟಿದ ಹಾಗೆ ಬರುತ್ತೆ," ಎಂದರು. "ಈ ಸದ್ದಿದ್ರೆ ನಂಗೆ ಕೇಳಲ್ಲ. ಅವನ ಕಡೆಗೂ ಹೋಗುತ್ತೆ, ಇನ್ನೂ ಜೋರಾಗಿ ಕೂಗೋಕೆ ಹೋಗ್ತಾನೆ. ನೋವಾಗುತ್ತಮ್ಮ ಅವನಿಗೆ."

ಗವಸು ಇದ್ದರೆ ಗಾಡಿ ಮೇಲೆ ತಲುಪುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ನನ್ನ ಚೀಲದಿಂದ ಹೆಡ್‌ಫೋನ್ ತೆಗೆದು ಲ್ಯಾಪ್‌ಟಾಪಿಗೆ ಜೋಡಿಸಿ ಅವರ ಕಿವಿಗೆ ಹಾಕಿದೆ. ಅವರಿಗೆ ಕೇಳುವ ವ್ಯವಸ್ಥೆಯೇನೋ ಆಯಿತು; ಆ ಕಡೆಗೆ ಹೋಗುವ ಸದ್ದಿಗೆ ನನ್ನಲ್ಲಿ ಮದ್ದಿರಲಿಲ್ಲ. ಅಷ್ಟರಲ್ಲಿ ಕರೆ ಬಂತು. ಮಾವ ಗವಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ತಾವೇ ಅದನ್ನು ತೆಗೆದು ನನ್ನ ಮಡಿಲಿಗೆ ಕೊಟ್ಟರು.

ಆ ಕಡೆಯ ಮಾತು ನನಗೂ ಕೇಳಲೆಂದು ಹೆಡ್‌ಫೋನಿನ ಒಂದು ಕಿವಿಯನ್ನು ಸರಿಸಿಟ್ಟುಕೊಂಡರು. ಅವರ ಭುಜದ ಬಳಿ ಕೂತೆ. ಟಿಕೆಟ್ ಮಾವನ ರೈಟ್ ಒಣಗಿದ ಎಲೆ ತುಳಿದಂತೆ ಬಂತು. ಬಸ್ಸು ಹೊರಟಿತು. ಮೊದಲ ಎರಡು ತಿರುವು ಸದ್ದಿಲ್ಲದೆ ಕಳೆದವು. ಮೂರನೆಯದಕ್ಕೆ ಏರು ಶುರುವಾಯಿತು, ಫ್ಯಾನ್ ಎಚ್ಚೆತ್ತು ಭೋರೆಂದು ಏರಿತು. ನಡುಮನೆಯೆಲ್ಲ ಅದರದೇ ಸದ್ದು. ಆ ಕಡೆ ಮಾತು ನಿಂತಿತು. ಒಂದು ತಿರುವು ಹೋಯಿತು, ಎರಡು ಹೋದವು. 

"ಟಿಕೆಟ್, ತೊಂದ್ರೆ ಆಗ್ತಿದೆಯಾ? ನಿಲ್ಲಿಸ್ಲಾ?"

"ಸುಮ್ನಿರೋ ಪೈಲಟ್," ಎಂದಿತು ಆ ದನಿ. "ಗಾಡಿ ಸದ್ದು ಕೇಳ್ತಿದೀನಿ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂತು. "ಇಷ್ಟು ದಿನ ನೀನು ಇಂಜಿನ್ನೇ ಇಲ್ದೆ ಓಡಿಸ್ತಿದ್ದೆ. ಹೇಳಿದ್ರೆ ನೊಂದ್ಕೋತೀಯ ಅಂತ ಹೇಳಿರ್ಲಿಲ್ಲ."

ಮಾವ ತೋಳಿನಿಂದ ಮುಖ ಒರೆಸಿಕೊಂಡರು. ಚೆನ್ನಾಗಿದ್ದ ಎಡಗಣ್ಣೂ ಮಂಜಾಗಿತ್ತು. ಹಾಗಿದ್ದೂ ಬಸ್ಸು ಒಂಬತ್ತನೇ ತಿರುವು ದಾಟಿತು, ಹನ್ನೆರಡು ದಾಟಿತು. ಇಪ್ಪತ್ತರ ಹೊತ್ತಿಗೆ ಅತ್ತೆಯೂ ಬಂದು ಬಾಗಿಲಲ್ಲಿ ನಿಂತರು. ಮೂವತ್ತೆರಡನೆಯದರ ಆಚೆ ರಸ್ತೆ ಸಮವಾಗಿ, ನಿಲ್ದಾಣದ ಕಟ್ಟೆ ಕಾಣಿಸಿತು. ಟಿಕೆಟ್ ಮಾವ ಉಸಿರೆಳೆದುಕೊಂಡರು.

"ಕೊನೇ ಸ್ಟಾಪ್. ಎಲ್ಲಾ ಇಳ್ಕೊಳ್ಳಿ. ಸಾಮಾನು ನೋಡ್ಕೊಳ್ಳಿ."

ಮಾವ ಇಂಜಿನ್ ಆರಿಸದೆ ಬಹಳ ಹೊತ್ತು ಹಾಗೇ ಕೂತಿದ್ದರು. ಆ ಕಡೆಯಿಂದಲೂ ಯಾರೂ ಕರೆ ಮುಗಿಸಲಿಲ್ಲ.

ಮರುದಿನ ನಾನು ಮೂಲದ ಪ್ರತಿಯಿದ್ದ ಪೆನ್‌ಡ್ರೈವ್ ಹಿಡಿದು ಬಂದೆ. ತಪ್ಪೆಲ್ಲ ಗವಸಿನದು, ಬೀಗ ತೆಗೆಯುವ ಅಗತ್ಯವೇ ಇರಲಿಲ್ಲ, ಮೊದಲಿದ್ದ ಹಾಗೇ ಮಾಡಿಕೊಡುತ್ತೇನೆ, ಸದ್ದೂ ಇಳಿಯುತ್ತದೆ ಎಂದೆ.

"ಬೇಡಮ್ಮ," ಎಂದರು ಮಾವ. "ಸೀಲ್ ಒಡೆದದ್ದು ಒಡೆದ ಹಾಗೇ ಇರ್ಲಿ. ನಿನ್ನ ಕೆಲಸ ಚೆನ್ನಾಗಿದೆ."

ಆರು ವರ್ಷ ಹೊಟ್ಟೆಯಲ್ಲಿದ್ದ ಆ ಸ್ಕ್ರೂ ಅವತ್ತು ಕರಗಿತು.

ಬುಧವಾರ ಆಪರೇಷನ್ ಆಯಿತು. ನಾಲ್ಕು ಭಾನುವಾರ ಮಾವ ಟೀವಿ ಹಚ್ಚಲಿಲ್ಲ. ಐದನೆಯ ಭಾನುವಾರ ಹತ್ತಕ್ಕೆ ಸರಿಯಾಗಿ ಕರೆ ಬಂದಾಗ ನಾನು ಅಂಗಡಿಗೆ ಹೊರಟವಳು ಚಪ್ಪಲಿ ಬಿಟ್ಟು ಒಳಗೆ ಬಂದೆ. ಮಾವ ಓಡಿ ಬಂದು ಕೂತರು. ತಲೆ ಬಾಚಿರಲಿಲ್ಲ. ಫ್ಯಾನ್ ಜೋರಾಗಲೆಂದು ನಿಂತ ಗಾಡಿಯ ಆಕ್ಸಿಲರೇಟರ್ ಒತ್ತಿ ಹಿಡಿದರು. ಭೋರೆಂದು ಸದ್ದು ಏರಿತು. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು.

"ರೈಟಾ?" ಎಂದರು ಮಾವ.

ಕಂಬಿಯ ಮೇಲೆ ಪಂಚ್ ಎರಡು ಸಲ ಟಕ್ ಟಕ್ ಎಂದಿತು. ಮಾವ ಗೇರ್ ಹಾಕಿದರು.